ಮೀಸೆಗಾಗಿ ನುಂಗಿದ ಮಾತ್ರೆ

ನನ್ನ ಮೀಸೆಯ ವಿಷಯ ಮೊದಲು ಹೇಳಿಬಿಡುತ್ತೇನೆ. ಅದನ್ನು ಬಿಟ್ಟು ಮುಂದಕ್ಕೆ ಹೋಗಲು ಸಾಧ್ಯವಿಲ್ಲ, ಎಷ್ಟೇ ನಾಚಿಕೆಯಾದರೂ. ಪೀಣ್ಯದಲ್ಲಿ ಯಂತ್ರಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ನಾನು ತಪಾಸಣೆ ವಿಭಾಗದ ಮುಖ್ಯಸ್ಥ. ಲೇತ್‌ನಿಂದ ಇಳಿದ ತುಂಡು ನಮ್ಮ ಮೇಜಿಗೆ ಬಂದು, ಗೇಜಿನಲ್ಲಿ ಅಳತೆಯಾಗಿ, ಸರಿಯಿದ್ದರೆ ಮಾತ್ರ ಹೊರಗೆ ಹೋಗಬೇಕು. ಅಲ್ಲಿ ನನಗಿದ್ದ ಹೆಸರು ‘ಮೀಸೆ ಸಾರ್’. ಎದುರಿಗೆ ಯಾರೂ ಅನ್ನುತ್ತಿರಲಿಲ್ಲ, ಆದರೆ ನನಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ರಾಣೆಬೆನ್ನೂರಿನ ಕಡೆಯ ದಪ್ಪ ಮೀಸೆ, ತುದಿ ಸ್ವಲ್ಪ ಮೇಲಕ್ಕೆ. ಬೆಳಿಗ್ಗೆ ಸ್ನಾನ, ಇಷ್ಟಲಿಂಗ ಪೂಜೆ, ಆಮೇಲೆ ಕನ್ನಡಿಯ ಮುಂದೆ ಕತ್ತರಿ ಹಿಡಿದು ನಿಲ್ಲುವುದು. ಪೂಜೆಗಿಂತ ಮೀಸೆಗೇ ಹೆಚ್ಚು ಹೊತ್ತು ಬೇಕು ನಿಮಗೆ ಎಂದು ಹೆಂಡತಿ ಚುಚ್ಚುತ್ತಿದ್ದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಕಾಯಿಲೆ ಮೊದಲು ತೋರಿಸಿಕೊಂಡದ್ದು ಜೋಳದ ರೊಟ್ಟಿಯಲ್ಲಿ. ತುತ್ತು ಎದೆಯ ನಡುವೆ ಎಲ್ಲೋ ನಿಂತುಬಿಡುತ್ತಿತ್ತು. ನೀರು ಕುಡಿದರೆ ಇಳಿಯುತ್ತಿತ್ತು. ಸ್ವಲ್ಪ ದಿನದಲ್ಲಿ ನೀರು ಕುಡಿದರೂ ಇಳಿಯದಾಯಿತು. ನಮ್ಮ ಮನೆಗಳಲ್ಲಿ ತಟ್ಟೆಯಲ್ಲಿ ಒಂದು ಅಗುಳೂ ಬಿಡುವ ಹಾಗಿಲ್ಲ. ಉಂಡ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುವುದು ಪದ್ಧತಿ. ಉಳಿಸಿದರೆ ಎಲ್ಲರೂ ನೋಡುತ್ತಾರೆ. ಹಾಗಾಗಿ ಬಡಿಸುವಾಗಲೇ ಕೈ ಅಡ್ಡ ಹಿಡಿಯಲು ಕಲಿತೆ. ಡಯಟ್ ಮಾಡುತ್ತಿದ್ದೇನೆ ಎಂದೆ. ತೆಳ್ಳಗಾಗಿದ್ದೀರಿ, ಚೆನ್ನಾಗಿ ಕಾಣುತ್ತೀರಿ ಎಂದು ಜನ ಹೇಳಿದಾಗ ಮೀಸೆ ತೀಡಿಕೊಂಡು ನಕ್ಕದ್ದೂ ಉಂಟು. ಕೊನೆಗೆ ಮುದ್ದೆ ಮಾಡಿದ ಅನ್ನವೂ ಇಳಿಯದಾದಾಗ ಹೆಂಡತಿ ಬೈದು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಅನ್ನನಾಳದ ಕ್ಯಾನ್ಸರ್ ಎಂದರು.

ಮೊದಲ ನಾಚಿಕೆ ಅಲ್ಲಿಂದಲೇ ಶುರುವಾಯಿತು. ನೋಡಲು ಬಂದವರೆಲ್ಲ ಕೇಳಿದ್ದು ಒಂದೇ ಮಾತು: ಕುಡಿತ ಇತ್ತಾ, ಗುಟ್ಕಾ ಏನಾದರೂ? ಇಲ್ಲ ಎಂದರೆ ಒಂದು ಕ್ಷಣ ಸುಮ್ಮನಾಗುತ್ತಿದ್ದರು. ಆ ಒಂದು ಕ್ಷಣಕ್ಕೆ ನನ್ನ ರಕ್ತ ಕುದಿಯುತ್ತಿತ್ತು. ಕಾರಣವಿಲ್ಲದೆ ಕಾಯಿಲೆ ಬರುತ್ತದೆ ಎಂದು ಒಪ್ಪಲು ಯಾರಿಗೂ ಮನಸ್ಸಿಲ್ಲ. ನನಗೂ ಇರಲಿಲ್ಲ, ಬೇರೆಯವರಿಗೆ ಬಂದಾಗ.

ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಔಷಧಿ, ಶನಿವಾರ ಭಾನುವಾರ ಬಿಟ್ಟು ದಿನವೂ ರೇಡಿಯೇಷನ್. ಅದು ಮುಗಿದ ಮೇಲೆ ಸಾಮಾನ್ಯವಾಗಿ ಆಪರೇಷನ್: ಅನ್ನನಾಳ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆ ಎಳೆದು ಜೋಡಿಸುವುದು. ಅದೊಂದು ತಪ್ಪಿದರೆ ಸಾಕು ಎಂದುಕೊಂಡೆ. ಡಾಕ್ಟರು ತಾಳ್ಮೆಯ ಹೆಂಗಸು, ಕಾಗದದ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದರು. ಗೆಡ್ಡೆಯ ಜೀವಕೋಶಗಳು ಒಡೆದಾಗ ಒಂದು ಪ್ರೋಟೀನಿನ ಚೂರು ರಕ್ತಕ್ಕೆ ಬರುತ್ತದಂತೆ. ಅದು ನಿಮ್ಮಲ್ಲಿ ಹೆಚ್ಚಿದೆ, ಚಿಕಿತ್ಸೆಯ ನಂತರ ಇಳಿದರೆ ಒಳ್ಳೆಯ ಲಕ್ಷಣ, ಇಳಿಯದಿದ್ದರೆ ಎಚ್ಚರಿಕೆ ಎಂದರು. ಇಂಥ ಪ್ರೋಟೀನುಗಳನ್ನು ನೋಡಿ ಯಾರಿಗೆ ಗುಣವಾಗುತ್ತದೆ, ಯಾರಿಗೆ ಮತ್ತೆ ಬರುತ್ತದೆ ಎಂದು ಮೊದಲೇ ಹೇಳಲು ಆಗುತ್ತದೆಯೇ ಎಂದು ಅವರು ಅಧ್ಯಯನವನ್ನೂ ಮಾಡುತ್ತಿದ್ದರು. ಎಲ್ಲ ಚೆನ್ನಾಗಿ ಕಂಡರೆ ಕೆಲವರಿಗೆ ಆಪರೇಷನ್ ಮುಂದೂಡಿ ಕಾದು ನೋಡುತ್ತೇವೆ ಎಂದೂ ಹೇಳಿದರು. ಆ ‘ಕೆಲವರು’ ಎಂಬ ಪದವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ರೇಡಿಯೇಷನ್ನಿಗೆ ನನ್ನ ಹೊತ್ತಿಗೇ ಬರುತ್ತಿದ್ದ ಇನ್ನೊಬ್ಬನಿದ್ದ. ಯಾದಗಿರಿ ಕಡೆಯ ಗಾರೆ ಕೆಲಸದವನು, ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಟಿ. ದಾಸರಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಗಂಡ ಹೆಂಡತಿ ಇದ್ದರು. ಅವನದೂ ಅದೇ ಜಾಗದ ಅದೇ ಕಾಯಿಲೆ, ಅವನ ರಕ್ತವೂ ಅದೇ ಅಧ್ಯಯನಕ್ಕೆ ಹೋಗುತ್ತಿತ್ತು. ವಾಪಸು ಮೆಟ್ರೋದಲ್ಲಿ ನಾವು ಜೊತೆಗೇ ಬರುತ್ತಿದ್ದೆವು. ಅವರು ದಾಸರಹಳ್ಳಿಯಲ್ಲಿ ಇಳಿದರೆ ನಾನು ಮುಂದೆ ಮಾದನಾಯಕನಹಳ್ಳಿ ಕಡೆಗೆ. ಅವನು ಮಾತುಗಾರ. ದನಿ ಕಟ್ಟಿಹೋಗಿದ್ದರೂ ತಮಾಷೆ ಬಿಡುತ್ತಿರಲಿಲ್ಲ. ಅವನ ಹೆಂಡತಿ ಮಾತ್ರ ಗಂಜಿಯ ಫ್ಲಾಸ್ಕು ಮಡಿಲಲ್ಲಿಟ್ಟುಕೊಂಡು, ನಗದೆ, ಅವನನ್ನೇ ಕಾಯುತ್ತಾ ಕೂತಿರುತ್ತಿದ್ದಳು.

ಮೀಸೆ ಹೋದದ್ದು ಮೂರನೆಯ ವಾರದಲ್ಲಿ. ತಲೆಗೂದಲು ಉದುರುತ್ತದೆ ಎಂದು ಹೇಳಿದ್ದರು, ಅದಕ್ಕೆ ತಯಾರಿದ್ದೆ. ಮೀಸೆಯ ಬಗ್ಗೆ ಯಾರೂ ಹೇಳಿರಲಿಲ್ಲ. ಮುಖ ಒರೆಸಿಕೊಂಡ ಟವೆಲಿನಲ್ಲಿ ಅರ್ಧ ಬಂತು. ಕ್ಯಾನ್ಸರ್ ಎಂದಾಗ ಅಳದವನು ಅಂದು ಬಚ್ಚಲ ನಲ್ಲಿ ಬಿಟ್ಟುಕೊಂಡು ಅತ್ತೆ. ಒಂದು ದಿನ ಕಾರ್ಖಾನೆಗೆ ಹೋದರೆ, ವರ್ಷಗಳಿಂದ ಸಲ್ಯೂಟ್ ಹೊಡೆಯುತ್ತಿದ್ದ ಗೇಟಿನ ಸೆಕ್ಯುರಿಟಿಯವನು ನನ್ನ ಐಡಿ ಕಾರ್ಡ್ ಕೇಳಿದ. ತೋರಿಸಿದ ಮೇಲೆ ಅವನಿಗೇ ಹೆಚ್ಚು ಸಂಕಟವಾಯಿತು. ಅವತ್ತಿನಿಂದ ಮಾಸ್ಕ್ ಹಾಕಿಕೊಂಡೇ ಓಡಾಡಿದೆ. ಸೋಂಕು ತಗಲಬಾರದು ಅಂತ ಡಾಕ್ಟರು ಹೇಳಿದ್ದಾರೆ ಎಂದೆ.

ಚಿಕಿತ್ಸೆ ಮುಗಿದ ಮೇಲೆ ತಲೆಯ ಮೇಲೆ ಒಂದಿಷ್ಟು ನಯವಾದ ಕೂದಲು ಬಂತು. ಮೇಲ್ತುಟಿ ಮಾತ್ರ ಬೋಳು. ಮೊಬೈಲಿನಲ್ಲಿ ಕೂದಲು ಬೆಳೆಸುವ ವಿಟಮಿನ್ ಮಾತ್ರೆಯ ಜಾಹೀರಾತು ಬರುತ್ತಿತ್ತು, ಬಯೋಟಿನ್ ಎಂದು. ಡಬ್ಬಿಯ ಮೇಲೆ ಸೊಂಟದವರೆಗೆ ಕೂದಲು ಬಿಟ್ಟ ಹುಡುಗಿಯ ಚಿತ್ರ. ಐವತ್ತು ದಾಟಿದ ಗಂಡಸು ಅದನ್ನು ಮನೆಗೆ ತರಿಸುವುದು ಹೇಗೆ? ಕಾರ್ಖಾನೆಯ ವಿಳಾಸಕ್ಕೆ ತರಿಸಿ, ಮೇಜಿನ ಡ್ರಾಯರಿನಲ್ಲಿ ಹಳೆಯ ಗೇಜುಗಳ ಹಿಂದೆ ಇಟ್ಟೆ. ತಮ್ಮನ್ನು ಕೇಳದೆ ಏನನ್ನೂ ನುಂಗಬೇಡಿ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಇದು ಬರೀ ವಿಟಮಿನ್ನು ತಾನೆ ಎಂದು ನನಗೆ ನಾನೇ ಹೇಳಿಕೊಂಡು, ಬೇಗ ಬೆಳೆಯಲಿ ಎಂದು ದಿನಕ್ಕೆ ಒಂದರ ಬದಲು ಎರಡು ತೆಗೆದುಕೊಂಡೆ.

ಮುಂದಿನ ತಪಾಸಣೆಯಲ್ಲಿ ಆ ಪ್ರೋಟೀನು ನೆಲಕ್ಕೆ ಇಳಿದಿತ್ತು. ಡಾಕ್ಟರು ಅವಸರಪಡಲಿಲ್ಲ. ಸ್ಕ್ಯಾನಿನಲ್ಲಿ ಇನ್ನೂ ಏನೋ ಮಸುಕಾಗಿ ಕಾಣುತ್ತಿದೆ, ರೇಡಿಯೇಷನ್ನಿನ ಊತವೂ ಇರಬಹುದು. ಗಂಟಲಿನೊಳಗೆ ಟ್ಯೂಬ್ ಹಾಕಿ ನೋಡಿ ತೆಗೆದ ಮಾಂಸದ ಚೂರುಗಳಲ್ಲಿ ಸದ್ಯಕ್ಕೆ ಕ್ಯಾನ್ಸರ್ ಸಿಕ್ಕಿಲ್ಲ ಎಂದರು. ರಕ್ತವೂ ಇಷ್ಟು ಚೆನ್ನಾಗಿರುವುದರಿಂದ ಕಾದು ನೋಡೋಣ ಎಂದರು. ನಾನು ಆ ‘ಕೆಲವರ’ಲ್ಲಿ ಒಬ್ಬನಾಗಿದ್ದೆ. ಹೆಂಡತಿ ಅಲ್ಲೇ ಕಾರಿಡಾರಿನಲ್ಲಿ ಫ್ಯಾಮಿಲಿ ಗ್ರೂಪ್‌ಗೆ ರಿಪೋರ್ಟಿನ ಫೋಟೋ ಹಾಕಿದಳು. ಕುಡಿತದ ಬಗ್ಗೆ ಕೇಳಿದವರೆಲ್ಲ ಕೈ ಮುಗಿದ ಚಿತ್ರ ಕಳಿಸಿದರು.

ಅಷ್ಟಕ್ಕೇ ನಿಂತಿದ್ದರೆ ನಾನು ಇವತ್ತು ಇಷ್ಟು ತಲೆ ತಗ್ಗಿಸಬೇಕಾಗಿರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಕಡೆಯ ಕೆಲವು ಕುಟುಂಬಗಳಿವೆ. ಸೋಮವಾರ ಸಂಜೆ ಯಾರದಾದರೂ ಮನೆಯಲ್ಲಿ ಸೇರಿ ವಚನ ಹೇಳಿಕೊಂಡು ಪ್ರಸಾದ ತೆಗೆದುಕೊಳ್ಳುತ್ತೇವೆ. ಆ ಸೋಮವಾರ ನನ್ನನ್ನು ಎರಡು ಮಾತಾಡಿ ಎಂದರು. ನಾನು ಮನೋಬಲದ ಮೇಲೆ ಅರ್ಧ ಗಂಟೆ ಮಾತಾಡಿದೆ. ಶಿಸ್ತು, ಪೂಜೆ, ಹೊತ್ತಿಗೆ ಸರಿಯಾದ ಊಟ, ಸಿಟ್ಟು ಬಿಟ್ಟದ್ದು. ಸಿಟ್ಟು ಬಿಟ್ಟದ್ದು ಎಂದಾಗ ಹೆಂಡತಿ ಕಣ್ಣರಳಿಸಿ ನೋಡಿದಳು. ಹೆಂಗಸರು ಕಣ್ಣೊರೆಸಿಕೊಂಡರು. ಡ್ರಾಯರಿನ ಡಬ್ಬಿ ನನಗೆ ಆಗ ನೆನಪಿಗೂ ಬರಲಿಲ್ಲ, ಅದು ಈ ಕಥೆಗೆ ಸೇರಿದ್ದು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಯಾದಗಿರಿಯವನ ಪ್ರೋಟೀನು ಇಳಿದಿರಲಿಲ್ಲ. ತೆಗೆದ ಚೂರಿನಲ್ಲೂ ರೋಗ ಸಿಕ್ಕಿತ್ತು. ಅವನಿಗೆ ಆಪರೇಷನ್ ನಿಗದಿಯಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅವನ ಹೆಂಡತಿ ಮೊದಲ ಸಲ ತಾನಾಗಿ ನನ್ನನ್ನು ಮಾತಾಡಿಸಿದಳು. ನೀವು ಏನು ಮಾಡಿದ್ರಿ, ನಿಮ್ಮದು ಹ್ಯಾಂಗ ಇಳೀತು ಎಂದು ಕೇಳಿದಳು. ಗೊತ್ತಿಲ್ಲಮ್ಮ ಎಂದಿದ್ದರೆ ಸಾಕಿತ್ತು. ನಾನು ಸೋಮವಾರದ ಭಾಷಣವನ್ನೇ ಚಿಕ್ಕದು ಮಾಡಿ ಹೇಳಿದೆ. ಬೆಳಗಾಗುವ ಮುಂಚೆ ಎದ್ದು ಸ್ನಾನ ಪೂಜೆ ಮಾಡಬೇಕು, ಹೊರಗಿನ ಚಹಾ ಬಿಡಬೇಕು, ವಾಸಿಯಾಗುತ್ತದೆ ಎಂದು ಗಟ್ಟಿ ಮನಸ್ಸು ಮಾಡಬೇಕು; ಮುಖ್ಯ ಅದು, ಮನಸ್ಸು. ಅವಳು ಒಂದೊಂದಕ್ಕೂ ತಲೆಯಾಡಿಸಿ ಕೇಳಿಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿ, ಕೇಳಿದೇನು, ನೀ ಮನಸ್ಸಿಟ್ಟು ಮಾಡಲಿಲ್ಲ, ಎಲ್ಲಾ ನಗೆಚಾಟಿಕಿ ಮಾಡಿದಿ ಎಂದು ಬೈದಳು. ಆಪರೇಷನ್ನಿನ ದಿನದವರೆಗಾದರೂ ಹಾಗೆ ಇರಬೇಕೆಂದು ಅಲ್ಲೇ ಕಟ್ಟಪ್ಪಣೆ ಮಾಡಿದಳು. ಅವನು ನನ್ನತ್ತ ನೋಡಿ ಕಣ್ಣು ಮಿಟುಕಿಸಿದ. ನನಗೆ ಒಳಗೊಳಗೆ ಖುಷಿಯಾಯಿತು. ಅವನಿಗಿಂತ ನಾನು ಮೇಲು ಎಂಬ ಖುಷಿ, ಬೇರೆ ಏನೂ ಅಲ್ಲ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಅವನಿಗೆ ಆಪರೇಷನ್ ಆಯಿತು, ನಾನು ಫೋನಿನಲ್ಲಿ ವಿಚಾರಿಸಿಕೊಂಡೆ. ನನ್ನ ಮುಂದಿನ ತಪಾಸಣೆ ಬರುವ ಹೊತ್ತಿಗೆ ನನಗೆ ಒಂದು ಎಳೆಯ ಮೀಸೆ ಬಂದಿತ್ತು, ಹೈಸ್ಕೂಲಿನವರಿಗೆ ಇರುವಂಥದ್ದು. ಟ್ಯೂಬ್ ಹಾಕಿ ನೋಡಿದಾಗ ಹಳೆಯ ಜಾಗದಲ್ಲೇ ಒಂದು ಹುಣ್ಣು ಕಂಡಿತು. ಅದರ ಚೂರಿನಲ್ಲಿ ಕ್ಯಾನ್ಸರ್ ಇತ್ತು. ಆದರೆ ರಕ್ತದಲ್ಲಿ ಪ್ರೋಟೀನು ಮತ್ತೆ ಏನೂ ಇಲ್ಲದಷ್ಟು ಕಡಿಮೆ. ಡಾಕ್ಟರು ಎರಡೂ ರಿಪೋರ್ಟು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. ಇವೆರಡೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ ಎಂದರು. ಆಮೇಲೆ ಮೆಲ್ಲಗೆ ಕೇಳಿದರು.

“ಸಾರ್, ವಿಟಮಿನ್ ಮಾತ್ರೆ ಏನಾದ್ರೂ ತಗೋತಿದೀರಾ? ಕೂದ್ಲಿಗೆ, ಉಗುರಿಗೆ ಅಂತ ಬರುತ್ತಲ್ಲ, ಅಂಥದ್ದು?”

ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಹಿಂದೆ ಇಬ್ಬರು ಕಲಿಯುವ ಡಾಕ್ಟರ್ ಹುಡುಗಿಯರು ನಿಂತಿದ್ದರು, ಒಬ್ಬಳಿಗೆ ಡಬ್ಬಿಯ ಮೇಲಿನವಳಷ್ಟೇ ಉದ್ದದ ಜಡೆ. ಜೀವದ ಪ್ರಶ್ನೆ ಅದು. ನಾನು “ಇಲ್ಲ” ಎಂದೆ. ಕೇಳಿದ್ದಕ್ಕೇ ಅವಮಾನವಾಯಿತು ಎನ್ನುವ ಹಾಗೆ, ಸ್ವಲ್ಪ ಜೋರಾಗಿಯೇ ಎಂದೆ.

ಡಾಕ್ಟರು ನಂಬಿದರು. ಹಾಗಾದರೆ ನಿಮ್ಮ ಗೆಡ್ಡೆ ಈಗ ಈ ಪ್ರೋಟೀನು ಬಿಡುತ್ತಿಲ್ಲವೇನೋ, ಮುಂದೆ ಇದನ್ನು ನಂಬಿ ನಿಮ್ಮನ್ನು ನೋಡಿಕೊಳ್ಳಲು ಆಗುವುದಿಲ್ಲ, ಎಲ್ಲವನ್ನೂ ಹೊಸದಾಗಿ ಯೋಚಿಸಬೇಕು ಎಂದರು. ಮನೆಗೆ ಬರುವವರೆಗೆ ಹೆಂಡತಿ ನನ್ನ ಕೈ ಹಿಡಿದುಕೊಂಡಿದ್ದಳು. ಆ ಕೈಯನ್ನು ಬಿಡಿಸಿಕೊಳ್ಳಬೇಕು ಅನ್ನಿಸುತ್ತಿತ್ತು.

ಮರುದಿನ ಕಾರ್ಖಾನೆಯಲ್ಲಿ ಹಳೆಯ ಆಪರೇಟರ್ ಒಬ್ಬರು ಲೇತ್‌ನಿಂದ ಇಳಿಸಿದ ತುಂಡನ್ನು ಬಿಸಿಬಿಸಿಯಾಗಿ ತಂದು ಗೇಜಿಗೆ ಇಟ್ಟರು. ಬಿಸಿ ತುಂಡು ಹಿಗ್ಗಿರುತ್ತದೆ. ಆಗ ಅಳತೆ ಸರಿ ತೋರಿಸಿದರೆ, ಆರಿದ ಮೇಲೆ ಚಿಕ್ಕದಾಗಿ ಕೆಟ್ಟುಹೋಗುತ್ತದೆ. ಹೀಗೆ ಮಾಡಿದವರ ಮೇಲೆ ನಾನು ಹರಿಹಾಯುತ್ತಿದ್ದುದಕ್ಕೆ ಲೆಕ್ಕವಿಲ್ಲ. ಅಳೆಯುವ ಮುಂಚೆ ತುಂಡು ಯಾವ ಸ್ಥಿತಿಯಲ್ಲಿದೆ ಎಂದು ಹೇಳದವನು ಕಳ್ಳ ಎಂದು ಒಬ್ಬರಿಗೆ ಎಲ್ಲರ ಮುಂದೆ ಅಂದಿದ್ದೆ. ಆಪರೇಟರ್ ಬೈಗುಳಕ್ಕೆ ಕಾದು ನಿಂತಿದ್ದರು. ಆರಲಿ ಬಿಡಿ ಎಂದಷ್ಟೇ ಹೇಳಿ ಹೊರಗೆ ಬಂದು, ಸ್ಕ್ರ್ಯಾಪ್ ಗುಡ್ಡೆಯ ಪಕ್ಕ ನಿಂತು ಡಾಕ್ಟರಿಗೆ ಫೋನು ಮಾಡಿದೆ.

ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಆ ಪ್ರೋಟೀನನ್ನು ಹಿಡಿಯಲು ಪರೀಕ್ಷೆಯಲ್ಲಿ ಬಯೋಟಿನ್ನನ್ನೇ ಕೊಕ್ಕೆಯ ಹಾಗೆ ಬಳಸುತ್ತಾರಂತೆ. ನನ್ನ ರಕ್ತದ ತುಂಬ ಬಯೋಟಿನ್ ಇದ್ದುದರಿಂದ ಅದೇ ಹೋಗಿ ಕೊಕ್ಕೆ ಸಿಕ್ಕಿಸುವ ಜಾಗವನ್ನೆಲ್ಲ ಹಿಡಿದುಕೊಂಡಿತ್ತು, ಪ್ರೋಟೀನಿಗೆ ಜಾಗವೇ ಇರಲಿಲ್ಲ. ಇದ್ದದ್ದನ್ನು ಯಂತ್ರ ಇಲ್ಲ ಎಂದು ಬರೆದಿತ್ತು. ಮಾತ್ರೆ ನಿಲ್ಲಿಸಿ ಒಂದು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟೆ. ಮೊದಲಿಗಿಂತಲೂ ಹೆಚ್ಚು ಬಂತು. ಮೊದಲ ಸಲವೇ ಗೊತ್ತಾಗಿದ್ದರೆ ನಾವು ಕಾಯುತ್ತಿರಲಿಲ್ಲ ಎಂದರು ಡಾಕ್ಟರು. ಆಪರೇಷನ್ ಮಾಡಲು ಈಗಲೂ ಆಗುತ್ತದೆ, ಆದರೆ ಹೋದ ಹೊತ್ತು ಹೋಯಿತು ಎಂದರು. ನನ್ನ ಹಳೆಯ ಅಂಕಿಗಳನ್ನು ಅಧ್ಯಯನದಿಂದ ತೆಗೆಯಬೇಕಾಗುತ್ತದೆ ಎಂದೂ ಹೇಳಿದರು. ಜೀವಮಾನವೆಲ್ಲ ಬೇರೆಯವರ ತುಂಡುಗಳನ್ನು ರಿಜೆಕ್ಟ್ ಮಾಡಿದವನು ನಾನು.

ಹೆಂಡತಿಗೆ ಹೇಳಿದೆ. ಅವಳು ಮೊದಲು ನನ್ನ ಮೇಲ್ತುಟಿಯನ್ನೇ ನೋಡಿದಳು. ಮೀಸೆಗಾ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ಹೊರಗೆ ಬಂದವಳು, ಸೋಮವಾರದವರಿಗೆ ನಾನು ಹೇಳ್ತೀನಿ, ದಾಸರಹಳ್ಳಿಯವರಿಗೆ ನೀವೇ ಹೋಗಿ ಹೇಳಿ ಎಂದಳು.

ಒಂದು ಭಾನುವಾರ ಮಧ್ಯಾಹ್ನ ಹೋದೆ. ಇಕ್ಕಟ್ಟಾದ ಮೆಟ್ಟಿಲು ಹತ್ತಿದರೆ ಎರಡನೆಯ ಮಹಡಿಯಲ್ಲಿ ಒಂದೇ ಕೋಣೆ, ಮೂಲೆಯಲ್ಲಿ ಗ್ಯಾಸ್ ಒಲೆ. ಅವನು ದಿಂಬಿಗೆ ಒರಗಿ ಕೂತಿದ್ದ, ತುಂಬ ಇಳಿದುಹೋಗಿದ್ದ. ಆದರೂ ಅವನೊಳಗಿನ ರೋಗವನ್ನೆಲ್ಲ ಪೂರ್ತಿಯಾಗಿ ತೆಗೆದಿದ್ದಾರೆ ಎಂದು ಡಾಕ್ಟರು ಹೇಳಿದ್ದರಂತೆ. ಗಂಟೆಗೊಮ್ಮೆ ನಾಲ್ಕು ಚಮಚೆ ತಿನ್ನುತ್ತಿದ್ದ. ಅವನ ಹೆಂಡತಿ ಒಲೆಯ ಹತ್ತಿರ ರವೆ ಗಂಜಿ ತಿರುವುತ್ತಿದ್ದಳು. ಗೋಡೆಯ ಗೂಡಿನಲ್ಲಿ ವಿಭೂತಿ ಗಟ್ಟಿ, ಹೊಸದಾಗಿ ತಂದ ಪೂಜೆಯ ತಟ್ಟೆ. ನನಗೆ ಕುರ್ಚಿ ಕೊಟ್ಟು ಸರ್ರು ಬಂದಾರ ಎಂದು ಸಂಭ್ರಮಪಟ್ಟರು.

ನಾನು ಸುತ್ತಿಬಳಸದೆ ಹೇಳಿದೆ. ನನ್ನ ಪ್ರೋಟೀನು ಇಳಿದಿರಲೇ ಇಲ್ಲ, ಮಾತ್ರೆಯಿಂದ ಹಾಗೆ ತೋರಿಸಿತ್ತು, ಪೂಜೆಗೂ ಮನಸ್ಸಿಗೂ ಅದಕ್ಕೂ ಸಂಬಂಧವಿರಲಿಲ್ಲ, ನನಗೂ ಆಪರೇಷನ್ ಇದೆ ಎಂದೆ. ಯಾವ ಮಾತ್ರೆ ಎಂದು ಅವನು ಕೇಳಿದ. ಅದನ್ನೂ ಹೇಳಿದೆ.

“ಮೀಸಿ ಸಲುವಾಗಿ ಏನ್ರೀ ಸರ?” ಎಂದ. ನಗು ಬಂತು ಅವನಿಗೆ. ಹೊಲಿಗೆ ನೋಯುತ್ತದೆ ಎಂದು ಪಕ್ಕೆ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅವನು ನಕ್ಕದ್ದು ನನಗೆ ದೊಡ್ಡ ಸಮಾಧಾನವಾಯಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ನಾನೂ ನಕ್ಕೆ. ನಾವಿಬ್ಬರೂ ನಗುತ್ತಿದ್ದಾಗ ಅವನ ಹೆಂಡತಿ ಗಂಜಿ ತಿರುವುವುದನ್ನು ನಿಲ್ಲಿಸಿದ್ದು ತಡವಾಗಿ ಗೊತ್ತಾಯಿತು.

“ನಿಮ್ಮದು ಇಳೀತು, ಇವರದು ಇಳೀಲಿಲ್ಲಂತ ನಾ ಇವರಿಗೆ ಏನೇನ್ ಅಂದೀನಿ ನಿಮಗ ಗೊತ್ತಿಲ್ರೀ,” ಎಂದಳು. ದನಿ ಏರಿರಲಿಲ್ಲ. “ಚಾ ಬಿಡಿಸಿದೆ. ಥಂಡಿಯೊಳಗ ಎಬ್ಬಿಸಿ ತಣ್ಣೀರ ಹಾಕಿದೆ. ಆಪರೇಶನ್ನಿಗೆ ಒಳಗ ಕರಕೊಂಡ ಹೋಗಾಗ ಇವರು ನನ್ನ ಕೈ ಹಿಡಿಯಾಕ ಬಂದ್ರು. ನಿನ್ನ ತಪ್ಪಿನಿಂದನ ಇದೆಲ್ಲ ಅಂತ ಹೇಳಿ ನಾ ಕೈ ಕೊಡಲಿಲ್ರೀ.”

ಅವನ ನಗು ನಿಂತಿತು. ಅದೆಲ್ಲ ಈಗ ಯಾಕ, ಬಿಡು ಎಂದ. ನಾನು ತಪ್ಪು ನನ್ನದಮ್ಮ, ನಿಮ್ಮದೇನೂ ಇಲ್ಲ ಎಂದು ತೊದಲಿದೆ. ಅವಳು ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ.

“ನನ್ನ ಮುಂದ ಇದನ್ನ ಹೇಳಬಾರದಿತ್ರೀ ನೀವು.”

ಅಷ್ಟು ಹೇಳಿ ಒಲೆಯ ಕಡೆ ತಿರುಗಿ ಕೂತಳು. ಹಗುರಾಗಲು ಬಂದವನು ನಾನು. ನನ್ನ ಹೊರೆಯನ್ನು ತಂದು ಅವಳ ತಲೆಯ ಮೇಲೆ ಇಟ್ಟಿದ್ದೆ. ಅವನು ಇತ್ಲಾಗ ಬಾ ಎಂದು ಕರೆದ. ಅವಳು ಅಲ್ಲಾಡಲಿಲ್ಲ. ಬಾರಲೇ ಎಂದು ಮತ್ತೆ ಕರೆದು, ಹಾಸಿಗೆಯ ಮೇಲೆ ಕೈ ಚಾಚಿ ಇಟ್ಟ. ನಾನು ಅಲ್ಲಿರುವವರೆಗೆ ಅವಳು ತಿರುಗಿ ಆ ಕೈ ಹಿಡಿಯುವುದಿಲ್ಲ ಎಂದು ಅರ್ಥವಾಗಿ, ಹೇಳದೆ ಎದ್ದು ಹೊರಗೆ ಬಂದೆ.